ಇಸ್ಲಾಂ ಮತ್ತು ಪೂರ್ವಗ್ರಂಥಗಳ ನೀತಿವಿಧಿಗಳು: ಕೋಲಾರ ಸೀಮೆಯಿಂದ ಒಂದು ಅವಲೋಕನ



ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ: ಕನ್ನಡ ನಾಡಿನ ಮೂಡಣ ಅಂಚಿನಲ್ಲಿರುವ ಈ ನಾಲ್ಕು ಊರುಗಳ ಸಂತೆಬೀದಿಯಲ್ಲಿ ಒಂದು ಗಳಿಗೆ ನಿಂತರೆ ಕನ್ನಡ, ತೆಲುಗು, ಉರ್ದು, ತಮಿಳು ನಾಲ್ಕೂ ಕಿವಿಗೆ ಬೀಳುತ್ತವೆ. ನುಡಿ ಬೇರೆಯಾದರೂ ಮಾತಿನ ವಿಷಯ ಹೆಚ್ಚುಕಡಿಮೆ ಒಂದೇ: ಮಳೆ, ಬೆಳೆ, ಬೆಲೆ, ಮಕ್ಕಳ ಓದು, ಮನೆಯ ಮದುವೆ. ಹೀಗೆ ಕೂಡಿ ಬಾಳುವ ಜನರು ಪೂಜ್ಯವೆಂದು ಕೈಮುಗಿಯುವ ಗ್ರಂಥಗಳು ಹೇಳುವ ನೀತಿ ಒಂದೆಯೋ, ಬೇರೆಯೋ? ಈ ಪ್ರಶ್ನೆ ಕೇವಲ ಪಂಡಿತರ ಕುತೂಹಲಕ್ಕೆ ಸೇರಿದುದಲ್ಲ. ೨೦೨೨ರ ಏಪ್ರಿಲ್ ತಿಂಗಳಿನಲ್ಲಿ ಮುಳಬಾಗಿಲಿನಲ್ಲಿ ಶ್ರೀರಾಮ ಶೋಭಾಯಾತ್ರೆಯ ಸಂದರ್ಭದಲ್ಲಿ ಕಲ್ಲು ತೂರಾಟ ನಡೆದ ವಾರ್ತೆಯನ್ನು ಓದಿದವರಿಗೆ, ನೆರೆಯವನ ಧರ್ಮವನ್ನು ಅರಿಯದೆ ಇರುವುದರ ಬೆಲೆ ಎಷ್ಟೆಂಬುದು ತಿಳಿದಿದೆ.

ಎಲ್ಲ ಧರ್ಮಗಳೂ ಒಂದೇ ಎಂದು ವೇದಿಕೆಯ ಮೇಲೆ ನುಡಿದು ಹಾರ ಹಾಕಿಸಿಕೊಂಡು ಇಳಿದುಬಿಡುವುದು ಸುಲಭ. ಆದರೆ ಅದು ಸತ್ಯವಲ್ಲ. ಧರ್ಮಗಳು ಒಂದೇ ಅಲ್ಲ. ಎಲ್ಲಿ ಅವು ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂಬುದನ್ನು ಗ್ರಂಥದ ಆಧಾರದಿಂದಲೇ ತಿಳಿಯಬೇಕು. ಅಗಲುವಲ್ಲಿ ಸಂಕೋಚವಿಲ್ಲದೆ ಅಗಲಿಕೆಯನ್ನು ಒಪ್ಪಬೇಕು. ಕೂಡುವಲ್ಲಿ ಆ ಕೂಟದಿಂದ ನಮ್ಮ ಮೇಲೆ ಬೀಳುವ ಹೊಣೆಯನ್ನೂ ಒಪ್ಪಬೇಕು.

ಗ್ರಂಥಗಳ ಸಾಕ್ಷ್ಯ

ಯಹೂದ್ಯರಿಗೂ ಕ್ರೈಸ್ತರಿಗೂ ಸಮಾನವಾಗಿ ಪೂಜ್ಯವಾದ ‘ವಿಮೋಚನಕಾಂಡ’ದ ೨೦ನೆಯ ಅಧ್ಯಾಯದಲ್ಲಿಯೂ ‘ಧರ್ಮೋಪದೇಶಕಾಂಡ’ದ ೫ನೆಯ ಅಧ್ಯಾಯದಲ್ಲಿಯೂ ದಶಾಜ್ಞೆಗಳು ಬಂದಿವೆ. ಕನ್ನಡಿಗರಿಗೆ ಇವು ಅಪರಿಚಿತವಲ್ಲ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ ೧೮೩೧ರ ವೇಳೆಗೇ ಸಮಗ್ರ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಕೋಲಾರದಲ್ಲಿ ಮೆಥಡಿಸ್ಟ್ ಮಿಷನ್ನಿನವರು ೨೦ನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಇ.ಟಿ.ಸಿ.ಎಂ. ಆಸ್ಪತ್ರೆಯ ಮೂಲಕ ಆ ಗ್ರಂಥವನ್ನು ನಂಬಿದವರ ಸೇವೆಯೂ ಈ ಸೀಮೆಗೆ ಪರಿಚಿತವಾಯಿತು. ಹತ್ತು ಆಜ್ಞೆಗಳಲ್ಲಿ ಮೊದಲಿನವು ದೇವರಿಗೆ ಸಂಬಂಧಿಸಿದವು: ಅನ್ಯದೇವರಿರಕೂಡದು, ವಿಗ್ರಹವನ್ನು ಮಾಡಕೂಡದು, ದೇವರ ಹೆಸರನ್ನು ವ್ಯರ್ಥವಾಗಿ ಎತ್ತಕೂಡದು, ಏಳನೆಯ ದಿನವನ್ನು ವಿಶ್ರಾಂತಿಯ ಪವಿತ್ರ ದಿನವಾಗಿ ಆಚರಿಸಬೇಕು. ಉಳಿದವು ಮನುಷ್ಯ ಮನುಷ್ಯರ ನಡುವಣ ವ್ಯವಹಾರಕ್ಕೆ ಸೇರಿದವು: ತಂದೆತಾಯಿಗಳನ್ನು ಗೌರವಿಸಬೇಕು, ಕೊಲೆ, ವ್ಯಭಿಚಾರ, ಕಳವು, ಸುಳ್ಳುಸಾಕ್ಷಿ ಕೂಡದು, ನೆರೆಯವನ ಸೊತ್ತಿಗೆ ಆಸೆಪಡಕೂಡದು.

ಈಗ ಕುರಾನನ್ನು ತೆರೆಯೋಣ. ‘ಬನೀ ಇಸ್ರಾಯೀಲ್’ ಎಂದು ಹೆಸರಾದ ೧೭ನೆಯ ಅಧ್ಯಾಯದ ೨೨ರಿಂದ ೩೯ರವರೆಗಿನ ವಾಕ್ಯಗಳಲ್ಲಿ ವಿಧಿನಿಷೇಧಗಳ ಒಂದು ಮಾಲೆಯೇ ಇದೆ. ಆ ಅಧ್ಯಾಯದ ಹೆಸರಿನ ಅರ್ಥವೇ ಇಸ್ರಾಯೇಲಿನ ಸಂತತಿ ಎಂದು. ದೇವರೊಬ್ಬನನ್ನೇ ಆರಾಧಿಸಬೇಕೆಂಬುದು ಮೊದಲ ವಿಧಿ. ಒಡನೆಯೇ ಬರುವುದು ತಂದೆತಾಯಿಗಳ ಸೇವೆ. ಮುಪ್ಪಿನಲ್ಲಿ ಅವರೆದುರು ಬೇಸರದ ಒಂದು ಉಸಿರನ್ನೂ ಬಿಡಬಾರದೆಂಬ ಸೂಕ್ಷ್ಮದವರೆಗೆ ಅದು ಹೋಗುತ್ತದೆ. ಬಂಧುಗಳಿಗೆ, ಬಡವರಿಗೆ, ದಾರಿಗರಿಗೆ ಸಲ್ಲಬೇಕಾದುದನ್ನು ಸಲ್ಲಿಸಬೇಕು, ದುಂದುವೆಚ್ಚವೂ ಬೇಡ, ಜಿಪುಣತನವೂ ಬೇಡ, ಬಡತನಕ್ಕೆ ಅಂಜಿ ಮಕ್ಕಳನ್ನು ಕೊಲ್ಲಬಾರದು, ವ್ಯಭಿಚಾರದ ಹತ್ತಿರಕ್ಕೂ ಸುಳಿಯಬಾರದು, ನ್ಯಾಯವಿಲ್ಲದೆ ಪ್ರಾಣ ತೆಗೆಯಬಾರದು, ತಬ್ಬಲಿಯ ಸೊತ್ತನ್ನು ಅದರ ಒಳಿತಿಗಾಗಿಯಲ್ಲದೆ ಮುಟ್ಟಬಾರದು, ಕೊಟ್ಟ ಮಾತನ್ನು ನಡೆಸಬೇಕು, ಅಳತೆಯನ್ನು ಪೂರ್ತಿ ಅಳೆಯಬೇಕು, ಅರಿಯದ ವಿಷಯದ ಬೆನ್ನು ಹತ್ತಬಾರದು, ಗರ್ವದಿಂದ ನಡೆಯಬಾರದು. ೬ನೆಯ ಅಧ್ಯಾಯದ ೧೫೧ರಿಂದ ೧೫೩ರವರೆಗೆ ಇದೇ ಮಾಲೆಯ ಸಂಕ್ಷಿಪ್ತ ರೂಪವಿದೆ. ಅದು ಮುಗಿದೊಡನೆ ಮೋಶೆಗೆ ಗ್ರಂಥ ದೊರೆತ ವಿಷಯವೇ ಬರುವುದರಿಂದ, ಎರಡು ಪಟ್ಟಿಗಳ ನಂಟನ್ನು ಕುರಾನೇ ಸೂಚಿಸಿದಂತಾಗಿದೆ.

ಈ ಸಾಮ್ಯವನ್ನು ಹೊರಗಿನ ವಿದ್ವಾಂಸರು ಕಂಡುಹಿಡಿಯಬೇಕಾದ ಅಗತ್ಯವಿಲ್ಲ. ಪೂರ್ವಗ್ರಂಥಗಳನ್ನು ಕುರಾನು ಹೆಸರಿಸಿಯೇ ಉಲ್ಲೇಖಿಸುತ್ತದೆ. ಒಂದು ಜೀವವನ್ನು ಅನ್ಯಾಯವಾಗಿ ಕೊಂದವನು ಮನುಕುಲವನ್ನೆಲ್ಲ ಕೊಂದಂತೆ ಎಂಬುದನ್ನು ಇಸ್ರಾಯೇಲರಿಗೆ ವಿಧಿಸಲಾಗಿತ್ತೆಂದು ೫ನೆಯ ಅಧ್ಯಾಯದ ೩೨ನೆಯ ವಾಕ್ಯ ಹೇಳುತ್ತದೆ. ಈ ವಿಚಾರವು ಯಹೂದ್ಯರ ‘ಮಿಷ್ನಾ’ದಲ್ಲಿ ಇದೆ. ಅದೇ ಅಧ್ಯಾಯದ ೪೫ನೆಯ ವಾಕ್ಯ, ಗಾಯಕ್ಕೆ ತಕ್ಕ ದಂಡವೆಂಬ ತೋರಾದ ನಿಯಮವನ್ನು ನೆನೆದು, ಕ್ಷಮಿಸಿದವನಿಗೆ ಅದು ಪ್ರಾಯಶ್ಚಿತ್ತವಾಗುವುದೆಂದು ಸೇರಿಸುತ್ತದೆ. ಸಜ್ಜನರೇ ಭೂಮಿಗೆ ಬಾಧ್ಯರಾಗುವರೆಂಬ ದಾವೀದನ ಕೀರ್ತನೆಯ ಮಾತು ೨೧ನೆಯ ಅಧ್ಯಾಯದಲ್ಲಿ ಬಂದಿದೆ. ಪೈಗಂಬರ ಮಹಮ್ಮದರು (ಕ್ರಿ.ಶ. ಸು. ೫೭೦-೬೩೨) ತಾವು ಹೊಸ ನೀತಿಯನ್ನು ನಿರ್ಮಿಸಿದೆವೆಂದು ಹೇಳಿಕೊಳ್ಳಲಿಲ್ಲ. ನೋಹ, ಅಬ್ರಹಾಮ, ಮೋಶೆ, ಯೇಸುಗಳಿಗೆ ವಿಧಿಸಿದ ಧರ್ಮವನ್ನೇ ವಿಧಿಸಲಾಗಿದೆಯೆಂಬುದು ೪೨ನೆಯ ಅಧ್ಯಾಯದ ನಿಲುವು.

ಹಾಗಾದರೆ ಅಗಲಿಕೆ ಎಲ್ಲಿ? ದಶಾಜ್ಞೆಗಳಲ್ಲಿ ಪ್ರಮುಖವಾದ ಸಬ್ಬತ್ ದಿನದ ವಿಶ್ರಾಂತಿ ಕುರಾನಿನ ಮಾಲೆಯಲ್ಲಿ ಇಲ್ಲ. ಶುಕ್ರವಾರದ ಪ್ರಾರ್ಥನೆಯಾದ ಮೇಲೆ ತಮ್ಮ ತಮ್ಮ ದುಡಿಮೆಗೆ ಚದುರಬಹುದೆಂದೇ ೬೨ನೆಯ ಅಧ್ಯಾಯ ಹೇಳುತ್ತದೆ. ಯೇಸುವಿನ ದೈವತ್ವದ ವಿಷಯದಲ್ಲಿ ಕ್ರೈಸ್ತರಿಗೂ ಮುಸಲ್ಮಾನರಿಗೂ ಒಮ್ಮತವಿಲ್ಲ. ಇನ್ನು ನಮ್ಮ ವಿಷಯ: ಕರಸ್ಥಲದ ಇಷ್ಟಲಿಂಗದಲ್ಲಿ ಪರಶಿವನನ್ನು ಕಾಣುವ ಉಪಾಸನೆಯನ್ನು ಆ ಎರಡು ಗ್ರಂಥಗಳ ಅನುಯಾಯಿಗಳು ಒಪ್ಪಲಾರರು, ಗುರು ಲಿಂಗ ಜಂಗಮ ತತ್ತ್ವವನ್ನು ನಾವು ಬಿಡಲಾರೆವು. ಏಕದೇವನಿಷ್ಠೆಯಲ್ಲಿ ನಾವು ಅವರಿಗೆ ಹತ್ತಿರದವರು. ಉಪಾಸನೆಯ ವಿಧಾನದಲ್ಲಿ ದೂರದವರು. ಇದನ್ನು ಮುಚ್ಚಿಡುವುದರಿಂದ ಯಾರಿಗೂ ಲಾಭವಿಲ್ಲ. ದೇವರಿಗೆ ಸಂಬಂಧಿಸಿದ ವಿಧಿಗಳಲ್ಲಿ ಭೇದವಿದೆ. ಮನುಷ್ಯರಿಗೆ ಸಂಬಂಧಿಸಿದ ವಿಧಿಗಳಲ್ಲಿ ಆಶ್ಚರ್ಯಕರವಾದ ಸಾಮ್ಯವಿದೆ. ಆ ಸಾಮ್ಯ ಅರಬ್ಬಿ ಮತ್ತು ಹೀಬ್ರೂ ಗ್ರಂಥಗಳಲ್ಲಿಯೇ ನಿಲ್ಲದೆ ನಮ್ಮ ಕೋಲಾರದ ನೆಲದವರೆಗೂ ಬರುತ್ತದೆಂಬುದನ್ನು ಮುಂದೆ ನೋಡೋಣ.

ಕುವಲಾಲದ ಏಳು ಎಚ್ಚರಿಕೆಗಳು

ಕೋಲಾರದ ಪ್ರಾಚೀನ ನಾಮ ಕುವಲಾಲ. ತಲಕಾಡಿಗೆ ಹೋಗುವ ಮೊದಲು ಗಂಗ ಅರಸರ ರಾಜಧಾನಿ ಇದೇ ಆಗಿತ್ತು. ಗಂಗವಂಶದ ಉದಯವನ್ನು ಕುರಿತ ಒಂದು ಐತಿಹ್ಯ ಶಿವಮೊಗ್ಗ ಸೀಮೆಯ ಕಲ್ಲೂರುಗುಡ್ಡದ ಶಾಸನದಲ್ಲಿ ಬಂದಿದೆ. ಆಶ್ರಯ ಅರಸಿ ಬಂದ ದಡಿಗ, ಮಾಧವರೆಂಬ ಸೋದರರಿಗೆ ಸಿಂಹನಂದಿ ಎಂಬ ಜೈನಾಚಾರ್ಯರು ರಾಜ್ಯವನ್ನು ಕೊಡಿಸಿದರೆಂದೂ, ನಂದಗಿರಿ ಅವರ ಕೋಟೆ, ಕುವಲಾಲ ಅವರ ಪಟ್ಟಣವಾಯಿತೆಂದೂ ಶಾಸನ ಹೇಳುತ್ತದೆ. ರಾಜ್ಯದ ಜೊತೆಗೆ ಆಚಾರ್ಯರು ಏಳು ಎಚ್ಚರಿಕೆಗಳನ್ನೂ ಕೊಟ್ಟರು. ನುಡಿದ ಮಾತಿಗೆ ತಪ್ಪಿದರೆ, ಜಿನಶಾಸನಕ್ಕೆ ಒಪ್ಪದಿದ್ದರೆ, ಪರಸ್ತ್ರೀಯರನ್ನು ಅಪಹರಿಸಿದರೆ, ಮಧುಮಾಂಸಗಳನ್ನು ಸೇವಿಸಿದರೆ, ಕೀಳುಜನರ ಸಂಗ ಮಾಡಿದರೆ, ಬೇಡಿದವರಿಗೆ ಧನವನ್ನು ಕೊಡದಿದ್ದರೆ, ಯುದ್ಧರಂಗದಿಂದ ಓಡಿದರೆ ವಂಶ ನಾಶವಾಗುವುದೆಂಬುದು ಆ ಎಚ್ಚರಿಕೆಗಳ ಸಾರ.

ಇದನ್ನು ಇತಿಹಾಸದ ವಿದ್ಯಾರ್ಥಿಗಳು ಎಚ್ಚರದಿಂದ ಓದಬೇಕು. ಗಂಗರ ಉದಯ ೪ನೆಯ ಶತಮಾನದ್ದು. ಈ ಶಾಸನವಾದರೋ ೧೨ನೆಯ ಶತಮಾನದ್ದು. ಆದುದರಿಂದ ಇದು ಘಟನೆಯನ್ನು ಕಂಡವರ ಸಾಕ್ಷ್ಯವಲ್ಲ. ಆದರೂ ಒಂದು ರಾಜ್ಯವು ಯಾವ ನೀತಿಯ ಬುನಾದಿಯ ಮೇಲೆ ನಿಂತಿರಬೇಕೆಂದು ೧೨ನೆಯ ಶತಮಾನದ ಕನ್ನಡಿಗರು ನಂಬಿದ್ದರೆಂಬುದಕ್ಕೆ ಇದು ಪ್ರಬಲವಾದ ಸಾಕ್ಷ್ಯ. ಮಾತಿಗೆ ತಪ್ಪದಿರುವುದು, ಪರಸ್ತ್ರೀಯರನ್ನು ಬಯಸದಿರುವುದು, ಬೇಡಿದವರಿಗೆ ಕೊಡುವುದು ಈ ಮೂರೂ ಮೇಲೆ ಹೇಳಿದ ಕುರಾನಿನ ಮಾಲೆಯಲ್ಲಿಯೂ ಇರುವುದನ್ನು ಓದುಗರು ಗಮನಿಸಬೇಕು.

ಅದೇ ಶತಮಾನದಲ್ಲಿ ಕಲ್ಯಾಣದಲ್ಲಿ ಬಸವಣ್ಣನವರು ಏಳು ನಿಷೇಧಗಳ ವಚನವನ್ನು ನುಡಿದರು. ನಮ್ಮ ಮಕ್ಕಳೆಲ್ಲರಿಗೂ ಅದು ಕಂಠಪಾಠ. ಕಳವು, ಕೊಲೆ, ಸುಳ್ಳು, ಕೋಪ, ಅನ್ಯರ ವಿಷಯದಲ್ಲಿ ಅಸಹ್ಯ, ಆತ್ಮಸ್ತುತಿ, ಪರನಿಂದೆ ಇವನ್ನು ಬಿಡುವುದೇ ಒಳಗಿನ ಶುದ್ಧಿ, ಹೊರಗಿನ ಶುದ್ಧಿ, ದೇವರನ್ನು ಒಲಿಸುವ ದಾರಿ ಎಂದು ಅವರ ನಿರ್ಣಯ. ಸಿಂಹನಂದಿಗಳ ಏಳು, ಬಸವಣ್ಣನವರ ಏಳು ಇವೆರಡನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಎರಡು ಮುಖ್ಯ ವ್ಯತ್ಯಾಸಗಳು ಕಾಣುತ್ತವೆ. ಮೊದಲನೆಯದು ಅರಸುಮಕ್ಕಳಿಗೆ ಹೇಳಿದುದು. ಎರಡನೆಯದು ಯಾರಿಗಾದರೂ ಹೇಳಿದುದು. ಮೊದಲನೆಯದು ಕೀಳುಜನರ ಸಂಗ ಬೇಡವೆಂದಿತು. ಎರಡನೆಯದು ಅನ್ಯರಿಗೆ ಅಸಹ್ಯಪಡುವುದೇ ಬೇಡವೆಂದಿತು. ಧರ್ಮದ ವಿಧಿ ಅರಮನೆಯಿಂದ ಬೀದಿಗೆ ಇಳಿದು ಬಂದ ಇತಿಹಾಸ ಈ ಎರಡು ಪಟ್ಟಿಗಳ ನಡುವೆ ಇದೆ. ನೀತಿವಿಧಿಗಳು ಹಂಚಿಕೊಂಡ ಸೊತ್ತಾದರೂ, ಅವುಗಳನ್ನು ಯಾರಿಗೆಲ್ಲ ಅನ್ವಯಿಸಬೇಕೆಂಬ ಪ್ರಶ್ನೆಯನ್ನು ಪ್ರತಿಯೊಂದು ಧರ್ಮವೂ ಹೊಸದಾಗಿ ಎದುರಿಸಬೇಕಾಗುತ್ತದೆ. ವಿಧಿಗಳನ್ನು ಬಾಳಿನ ಮೂರು ಕ್ಷೇತ್ರಗಳಲ್ಲಿ ಇಟ್ಟು ನೋಡೋಣ: ವ್ಯಾಪಾರ, ದುಡಿಮೆ, ಮಾತು. ಇವಕ್ಕೆ ಈ ಸೀಮೆಯ ಉಳಿದ ಮೂರು ಊರುಗಳೇ ನಿದರ್ಶನಗಳಾಗಿವೆ.

ಶ್ರೀನಿವಾಸಪುರದ ತಕ್ಕಡಿ

ಶ್ರೀನಿವಾಸಪುರ ಮಾವಿನ ಊರೆಂದು ನಾಡಿಗೆಲ್ಲ ಪ್ರಸಿದ್ಧ. ಬೇಸಗೆಯ ಮಂಡಿಗಳಲ್ಲಿ ಬೆಳೆದವನು ಒಂದು ಮತದವನು, ಕೊಳ್ಳುವವನು ಇನ್ನೊಂದು ಮತದವನು, ಹೊರುವವನು ಮತ್ತೊಂದು ಮತದವನು ಆಗಿರುವುದು ಸಾಮಾನ್ಯ. ಇವರೆಲ್ಲರ ನಡುವೆ ತೂಗುವುದು ಒಂದೇ ತಕ್ಕಡಿ. ಆ ತಕ್ಕಡಿಯ ವಿಷಯದಲ್ಲಿ ಗ್ರಂಥಗಳು ಏನೆನ್ನುತ್ತವೆ?

ಒಂದು ಚೀಲದಲ್ಲಿ ದೊಡ್ಡದೊಂದು ಚಿಕ್ಕದೊಂದು ಎಂದು ಎರಡು ಬಗೆಯ ತೂಕದ ಕಲ್ಲುಗಳನ್ನು ಇಟ್ಟುಕೊಳ್ಳಬಾರದೆಂದು ಧರ್ಮೋಪದೇಶಕಾಂಡದ ೨೫ನೆಯ ಅಧ್ಯಾಯ ನಿಷೇಧಿಸುತ್ತದೆ. ಕುರಾನಿನ ೮೩ನೆಯ ಅಧ್ಯಾಯ ಆರಂಭವಾಗುವುದೇ ತೂಕದಲ್ಲಿ ವಂಚಿಸುವವರ ಮೇಲಣ ಧಿಕ್ಕಾರದಿಂದ: ತಾವು ಪಡೆಯುವಾಗ ಪೂರ್ತಿ ಅಳೆಸಿಕೊಂಡು, ಕೊಡುವಾಗ ಕಡಮೆ ಅಳೆಯುವವರಿಗೆ ವಿನಾಶ ತಪ್ಪದೆಂದು ಅದರ ಅಭಿಪ್ರಾಯ. ಮದ್ಯನ್ ಜನರ ಬಳಿಗೆ ಬಂದ ಶುಐಬ್ ಎಂಬ ಪ್ರವಾದಿಯ ಉಪದೇಶದಲ್ಲಿ ಏಕದೇವನ ಆರಾಧನೆಯ ಬೆನ್ನಿಗೇ ಅಳತೆ ತೂಕಗಳ ಮಾತು ಬರುತ್ತದೆ. ಎರಡೂ ಗ್ರಂಥಗಳು ಹಿಡಿದಿರುವ ಕಳ್ಳ ಒಬ್ಬನೇ. ತನಗೊಂದು ಅಳತೆ, ಪರರಿಗೊಂದು ಅಳತೆ ಇಟ್ಟುಕೊಂಡವನು. ವೀರಶೈವರಲ್ಲಿ ವ್ಯಾಪಾರವನ್ನು ಕುಲವೃತ್ತಿಯಾಗಿ ಮಾಡಿಕೊಂಡು ಬಂದ ಬಣಜಿಗ ಸಮಾಜವು ಈ ಮಾತನ್ನು ಹೊಸದಾಗಿ ಕಲಿಯಬೇಕಾಗಿಲ್ಲ. ಪ್ರಾಚೀನ ವರ್ತಕ ಸಂಘವಾದ ಅಯ್ಯಾವೊಳೆಯ ಐನೂರ್ವರು ತಮ್ಮನ್ನು ‘ವೀರಬಣಂಜು ಧರ್ಮ’ದ ಪಾಲಕರೆಂದು ಶಾಸನಗಳಲ್ಲಿ ಕರೆದುಕೊಂಡಿದ್ದಾರೆ. ವ್ಯಾಪಾರಕ್ಕೆ ಅವರು ಬಳಸಿದ ಪದ ಲಾಭವಲ್ಲ, ಧರ್ಮ.

ಈ ಊರಿನ ಹೆಸರಿನಲ್ಲಿಯೂ ಒಂದು ಪಾಠವಿದೆ. ಮೊದಲು ಪಾಪನಪಲ್ಲಿ ಎನಿಸಿದ್ದ ಊರಿಗೆ ದಿವಾನ್ ಪೂರ್ಣಯ್ಯನವರು ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರನ್ನಿಟ್ಟರೆಂದು ಪ್ರತೀತಿ. ಪೂರ್ಣಯ್ಯನವರು ಮಾಧ್ವ ಬ್ರಾಹ್ಮಣರು. ಇದೇ ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿ, ಅವನ ಮಗ ಟೀಪು ಇಬ್ಬರ ಆಡಳಿತದಲ್ಲಿಯೂ ಅವರು ಲೆಕ್ಕಪತ್ರ ಬೊಕ್ಕಸಗಳ ಹೊಣೆ ಹೊತ್ತರು. ೧೭೯೯ರಿಂದ ೧೮೧೧ರವರೆಗೆ ಮೈಸೂರಿನ ದಿವಾನರಾಗಿದ್ದರು. ಆ ಅರಸರ ಯುದ್ಧಗಳನ್ನೂ ಕೃತ್ಯಗಳನ್ನೂ ಕುರಿತು ಇತಿಹಾಸಕಾರರಲ್ಲಿ ವಾದವಿವಾದಗಳಿವೆ. ಅವನ್ನು ಇಲ್ಲಿ ಬಿಡಿಸಬೇಕಾಗಿಲ್ಲ. ಆದರೆ ಬೊಕ್ಕಸದ ಕೀಲಿಕೈಯನ್ನು ಒಪ್ಪಿಸುವಾಗ ಅರಸನು ಕೇಳಿದುದು ಮತವನ್ನಲ್ಲ, ಲೆಕ್ಕದ ನೇರವನ್ನು ಎಂಬುದು ನಿರ್ವಿವಾದ.

ಮಾಲೂರಿನ ಇಟ್ಟಿಗೆ

ಮಾಲೂರು ಹೆಂಚು ಇಟ್ಟಿಗೆಗಳಿಗೆ ಹೆಸರಾದ ಊರು. ಇಟ್ಟಿಗೆಯ ಗೂಡನ್ನು ಕಂಡಾಗ ದಶಾಜ್ಞೆಗಳ ಹಿನ್ನೆಲೆ ನೆನಪಿಗೆ ಬಾರದಿರದು. ಆ ಆಜ್ಞೆಗಳು ಯಾರಿಗೆ ದೊರೆತವು? ಐಗುಪ್ತದ ಅರಸ ಫರೋಹನ ಊಳಿಗದಲ್ಲಿ ಇಟ್ಟಿಗೆ ಕೊಯ್ದು ಬಳಲಿದ ಜನಾಂಗಕ್ಕೆ. ಕೆಸರಿಗೆ ಬೆರೆಸುವ ಹುಲ್ಲನ್ನು ಕೊಡುವುದನ್ನು ನಿಲ್ಲಿಸಿ, ಇಟ್ಟಿಗೆಯ ಲೆಕ್ಕವನ್ನು ಮಾತ್ರ ಒಂದಿನಿತೂ ಇಳಿಸದೆ ಅವರನ್ನು ದುಡಿಸಿದ ಕಥೆ ವಿಮೋಚನಕಾಂಡದ ೫ನೆಯ ಅಧ್ಯಾಯದಲ್ಲಿದೆ. ಅಂತಹ ದಾಸ್ಯದಿಂದ ಬಿಡಿಸಿದವನೇ ತಾನೆಂದು ಹೇಳಿಕೊಂಡು ದೇವರು ಆಜ್ಞೆಗಳನ್ನು ಆರಂಭಿಸುತ್ತಾನೆ. ವಾರದ ವಿಶ್ರಾಂತಿ ಯಜಮಾನನಿಗೆ ಮಾತ್ರವಲ್ಲ, ಆಳುಕಾಳುಗಳಿಗೂ ದನಕರುಗಳಿಗೂ ಸಲ್ಲಬೇಕು. ಏಕೆಂದರೆ ನೀನೂ ದಾಸನಾಗಿದ್ದೆ ಎಂದು ಧರ್ಮೋಪದೇಶಕಾಂಡ ಕಾರಣ ಕೊಡುತ್ತದೆ. ಇದೇ ಮೋಶೆಯ ಹೆಸರು ಕುರಾನಿನಲ್ಲಿ ಬೇರೆಲ್ಲ ಪ್ರವಾದಿಗಳ ಹೆಸರಿಗಿಂತ ಹೆಚ್ಚು ಸಲ ಬಂದಿದೆ. ಫರೋಹನ ಇಟ್ಟಿಗೆಯ ಮಾತೂ ೨೮ನೆಯ ಅಧ್ಯಾಯದಲ್ಲಿ ಬಂದಿದೆ.

ಬಡ ಕೂಲಿಕಾರನ ಕೂಲಿಯನ್ನು ಹೊತ್ತು ಮುಳುಗುವುದರೊಳಗೆ ಕೊಡಬೇಕೆಂಬುದು ಧರ್ಮೋಪದೇಶಕಾಂಡದ ೨೪ನೆಯ ಅಧ್ಯಾಯದ ವಿಧಿ; ಅವನು ಸ್ವಜನನಾಗಿರಲಿ, ಪರದೇಶಿಯಾಗಿರಲಿ ವಿಧಿ ಒಂದೇ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬುದು ಪೈಗಂಬರರ ಹೆಸರಿನಲ್ಲಿ ಬಂದ ಒಂದು ಪ್ರಸಿದ್ಧ ಹದೀಸಿನ ತಾತ್ಪರ್ಯ. ಒಂದು ಗ್ರಂಥ ಸೂರ್ಯನನ್ನು ನೋಡಿ ಗಡುವನ್ನು ಹೇಳಿತು. ಇನ್ನೊಂದು ದುಡಿದವನ ಹಣೆಯನ್ನು ನೋಡಿ ಹೇಳಿತು. ನಮ್ಮ ಶರಣರು ದುಡಿಯುವವನನ್ನೇ ಪೂಜ್ಯನೆಂದು ಕರೆದು ಕಾಯಕವನ್ನು ಕೈಲಾಸಕ್ಕೆ ಏರಿಸಿದರು. ಆಯ್ದಕ್ಕಿ ಮಾರಯ್ಯನು ಅಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಸತಿ ಲಕ್ಕಮ್ಮ ತಿದ್ದಿದಳು. ಪರರ ಸೊತ್ತಿಗೆ ಆಸೆಪಡಬಾರದೆಂಬ ಹತ್ತನೆಯ ಆಜ್ಞೆಗೆ ಇದಕ್ಕಿಂತ ಮಿಗಿಲಾದ ಭಾಷ್ಯ ಬೇಕೆ? ಬೀದಿ ಗುಡಿಸುವ ಕಾಯಕದ ಸತ್ಯಕ್ಕ, ದಾರಿಯಲ್ಲಿ ಬಿದ್ದ ಹೊನ್ನನ್ನೂ ವಸ್ತ್ರವನ್ನೂ ಕೈಯಿಂದ ಮುಟ್ಟೆನೆಂದು ವ್ರತ ತೊಟ್ಟಳು. ಅಕ್ಷರಜ್ಞಾನದ ಹಂಗಿಲ್ಲದ ಮನೆಗಳಲ್ಲಿಯೂ ಈ ವಿಧಿಗಳು ಹೀಗೆ ಬಾಳಿದವು.

ಇಷ್ಟೆಲ್ಲ ವಿಧಿಗಳಿದ್ದರೂ ನಮ್ಮ ದೇಶದಲ್ಲಿ ಜೀತಪದ್ಧತಿಯನ್ನು ಕಾನೂನಿನಿಂದ ರದ್ದುಮಾಡಲು ೧೯೭೬ರವರೆಗೆ ಕಾಯಬೇಕಾಯಿತು. ಗ್ರಂಥದಲ್ಲಿ ವಿಧಿ ಇದ್ದ ಮಾತ್ರಕ್ಕೆ ಬಾಳಿನಲ್ಲಿ ಅದು ಇಳಿಯುವುದಿಲ್ಲವೆಂಬುದಕ್ಕೆ ಇದೊಂದೇ ನಿದರ್ಶನ ಸಾಕು. ಈ ವಿಷಯದಲ್ಲಿ ಯಾವ ಮತದವರೂ ಇನ್ನೊಬ್ಬರ ಕಡೆಗೆ ಬೆರಳು ಮಾಡುವ ಸ್ಥಿತಿಯಲ್ಲಿಲ್ಲ.

ಮುಳಬಾಗಿಲಿನ ನಾಲಗೆ

ಮುಳಬಾಗಿಲು ಎಂದರೆ ಮೂಡಣ ಬಾಗಿಲು. ಆ ಬಾಗಿಲಿನಿಂದ ಒಳಬಂದವರ ಸಂಖ್ಯೆ ಅಪಾರ. ಸಮೀಪದ ಆವನಿಯಲ್ಲಿ ತ್ರಿಭುವನಕರ್ತಾರದೇವನೆಂಬ ಶೈವ ಯತಿಯು ನಾಲ್ವತ್ತು ವರ್ಷ ಸ್ಥಾನವನ್ನಾಳಿ, ಗುಡಿಗಳನ್ನು ಕಟ್ಟಿಸಿದುದಲ್ಲದೆ ಕೆರೆಗಳನ್ನೂ ಕಟ್ಟಿಸಿದನೆಂದು ೧೦ನೆಯ ಶತಮಾನದ ಶಾಸನ ಹೇಳುತ್ತದೆ. ನರಸಿಂಹತೀರ್ಥದಲ್ಲಿ, ಕನ್ನಡದಲ್ಲಿ ದೇವರನಾಮಗಳನ್ನು ಹಾಡಿ ಹರಿದಾಸ ಪರಂಪರೆಗೆ ದಾರಿ ತೆರೆದ ಶ್ರೀಪಾದರಾಜರ ಬೃಂದಾವನವಿದೆ. ಊರಿನಲ್ಲಿ ಆಂಜನೇಯನ ಗುಡಿಯಿದೆ. ಹೈದರ್ ವಲಿಯ ದರ್ಗಾ ಇದೆ. ದರ್ಗಾದ ಉರುಸಿಗೆ ನಾನಾ ಮತದವರು ಸೇರುತ್ತಾರೆ. ಕೆರೆ ಕಟ್ಟಿಸಿದ ಶೈವ ಯತಿ, ಹಾಡಿದ ವೈಷ್ಣವ ಯತಿ, ಸಮಾಧಿಸ್ಥನಾದ ಸೂಫಿ ಸಂತ ಮೂವರೂ ಒಂದೇ ಸೀಮೆಯ ಭಕ್ತಿಗೆ ಪಾತ್ರರಾಗಿದ್ದಾರೆ.

ಅಂತಹ ಊರಿನಲ್ಲಿಯೂ ೨೦೨೨ರಲ್ಲಿ ಕಲ್ಲು ಹಾರಿತೆಂಬುದನ್ನು ಆರಂಭದಲ್ಲಿ ನೆನೆದೆವು. ಯಾರದು ತಪ್ಪು ಎಂಬುದನ್ನು ನಿರ್ಣಯಿಸುವುದು ಮಠದ ಪತ್ರಿಕೆಯ ಕೆಲಸವಲ್ಲ, ಅದಕ್ಕೆ ನ್ಯಾಯಾಲಯಗಳಿವೆ. ನಮಗೆ ಸಂಬಂಧಿಸಿದುದು ಕಲ್ಲಿಗಿಂತ ಮೊದಲು ಹೊರಡುವ ಮಾತು, ಕಲ್ಲಿನ ಅನಂತರ ಹಬ್ಬುವ ಮಾತು. ಇಂದು ಆ ಮಾತು ಕಿವಿಯಿಂದ ಕಿವಿಗೆ ಹೋಗುವುದಿಲ್ಲ. ಅಂಗೈಯಲ್ಲಿರುವ ಮೊಬೈಲ್ ಫೋನಿನಿಂದ ಗಳಿಗೆಯೊಳಗೆ ಸಾವಿರ ಮನೆಗಳಿಗೆ ಹೋಗುತ್ತದೆ. ಈ ಕುರಿತು ಗ್ರಂಥಗಳ ಒಮ್ಮತ ಎಷ್ಟು ದೃಢವಾಗಿದೆಯೆಂದರೆ ಬೇರಾವ ವಿಷಯದಲ್ಲಿಯೂ ಇಷ್ಟು ದೃಢವಾಗಿದೆಯೆಂದು ಹೇಳಲಾಗದು.

ಸುಳ್ಳು ಸುದ್ದಿಯನ್ನು ಹಬ್ಬಿಸಬಾರದೆಂದು ವಿಮೋಚನಕಾಂಡದ ೨೩ನೆಯ ಅಧ್ಯಾಯದ ಮೊದಲ ವಾಕ್ಯ ವಿಧಿಸುತ್ತದೆ. ಹಾಗೆಯೇ ಬಹುಜನರು ದುಷ್ಕಾರ್ಯ ಮಾಡುತ್ತಿದ್ದಾರೆಂಬ ನೆಪದಿಂದ ಅವರ ಹಿಂದೆ ಹೋಗಬಾರದೆಂದು ಎರಡನೆಯದು. ನಂಬಲರ್ಹನಲ್ಲದವನು ಸುದ್ದಿ ತಂದಾಗ ಅದನ್ನು ವಿಚಾರಿಸಿ ನೋಡಬೇಕು, ಇಲ್ಲವಾದರೆ ಅರಿಯದೆ ಒಂದು ಜನಕ್ಕೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪಪಡಬೇಕಾದೀತು ಎಂದು ಕುರಾನಿನ ೪೯ನೆಯ ಅಧ್ಯಾಯದ ೬ನೆಯ ವಾಕ್ಯ ಎಚ್ಚರಿಸುತ್ತದೆ. ಒಂದು ಜನ ಇನ್ನೊಂದು ಜನವನ್ನು ಪರಿಹಾಸ ಮಾಡಬಾರದು, ಅಡ್ಡಹೆಸರಿನಿಂದ ಕರೆಯಬಾರದು, ಬೆನ್ನ ಹಿಂದೆ ನಿಂದಿಸಬಾರದು ಎಂದು ಅದೇ ಅಧ್ಯಾಯ ಮುಂದುವರಿಯುತ್ತದೆ. ಬಸವಣ್ಣನವರ ಏಳು ನಿಷೇಧಗಳಲ್ಲಿ ಸುಳ್ಳು, ಆತ್ಮಸ್ತುತಿ, ಪರನಿಂದೆ ಮೂರೂ ನಾಲಗೆಗೆ ಸೇರಿದವೇ.

ಅನ್ಯರ ದೇವರನ್ನು ಹಳಿಯುವ ವಿಷಯದಲ್ಲಿಯೂ ಹೀಗೆಯೇ. ದೇವರನ್ನಲ್ಲದೆ ಬೇರೆಯವನ್ನು ಪೂಜಿಸುವವರ ಆರಾಧ್ಯಗಳನ್ನು ಬಯ್ಯಬಾರದು, ಬಯ್ದರೆ ಅವರು ತಿಳಿಯದೆ ದೇವರನ್ನೇ ಬಯ್ದಾರು ಎಂದು ಕುರಾನಿನ ೬ನೆಯ ಅಧ್ಯಾಯದ ೧೦೮ನೆಯ ವಾಕ್ಯ ಹೇಳುತ್ತದೆ. ಇದಕ್ಕೆ ಆರು ಶತಮಾನ ಮೊದಲು ಫೈಲೋ, ಜೋಸೆಫಸ್ ಎಂಬ ಯಹೂದ್ಯ ಪಂಡಿತರು ವಿಮೋಚನಕಾಂಡದ ೨೨ನೆಯ ಅಧ್ಯಾಯದ ಒಂದು ವಾಕ್ಯಕ್ಕೆ, ಅನ್ಯಜನರ ದೇವರನ್ನೂ ನಿಂದಿಸಬಾರದೆಂದೇ ಅರ್ಥ ಹೇಳಿದ್ದರು. ವಿಗ್ರಹಾರಾಧನೆಯನ್ನು ಕಟ್ಟುನಿಟ್ಟಾಗಿ ನಿಷೇಧಿಸುವ ಎರಡು ಧರ್ಮಗಳಲ್ಲಿಯೇ ಈ ಮರ್ಯಾದೆ ಬೆಳೆದುದನ್ನು ಗಮನಿಸಬೇಕು. ಒಪ್ಪದಿರುವುದು ಬೇರೆ, ಹಳಿಯುವುದು ಬೇರೆ.

ವಿಧಿಯು ಯಾರನ್ನು ಕುರಿತದ್ದು?

ಇಲ್ಲಿಯವರೆಗೆ ನೋಡಿದ ವಿಧಿಗಳಲ್ಲಿ ಒಂದು ಸಮಾನ ಲಕ್ಷಣವಿದೆ. ಅದು ವ್ಯಾಕರಣಕ್ಕೆ ಸೇರಿದುದಾದರೂ ಧರ್ಮದ ಮರ್ಮ ಅದರಲ್ಲಿದೆ. ವ್ಯಾಕರಣದಲ್ಲಿ ‘ಅವನು’ ಎಂಬುದು ಪ್ರಥಮ ಪುರುಷ, ‘ನೀನು’ ಎಂಬುದು ಮಧ್ಯಮ ಪುರುಷ, ‘ನಾನು’ ಎಂಬುದು ಉತ್ತಮ ಪುರುಷ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ದಶಾಜ್ಞೆಗಳು ಮಧ್ಯಮ ಪುರುಷದಲ್ಲಿವೆ. ಕುರಾನಿನ ೧೭ನೆಯ ಅಧ್ಯಾಯದ ಮಾಲೆ ‘ನೀನು’, ‘ನೀವು’ ಎಂದೇ ನಡೆಯುತ್ತದೆ. ಸಿಂಹನಂದಿಗಳ ಎಚ್ಚರಿಕೆ ಎದುರಿಗೆ ನಿಂತಿದ್ದ ಇಬ್ಬರಿಗೆ. ಬಸವಣ್ಣನವರ ಏಳು ಬೇಡಗಳೂ ಕೇಳುವವನಿಗೇ. ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ಗುರುಕುಲವನ್ನು ಬಿಟ್ಟು ಹೊರಡುವ ಶಿಷ್ಯನಿಗೆ ಆಚಾರ್ಯನು ಸತ್ಯವನ್ನು ನುಡಿಯುವಂತೆ, ಧರ್ಮದಲ್ಲಿ ನಡೆಯುವಂತೆ, ತಾಯಿ ತಂದೆ ಗುರು ಅತಿಥಿಗಳನ್ನು ದೇವರೆಂದು ಕಾಣುವಂತೆ ಹೇಳುವುದೂ ‘ನೀನು’ ಎಂದೇ.

ಜಗಳದ ಬೀಜ ಎಲ್ಲಿದೆಯೆಂದರೆ, ಮಧ್ಯಮ ಪುರುಷದಲ್ಲಿ ಹೇಳಿದ ವಿಧಿಯನ್ನು ನಾವು ಪ್ರಥಮ ಪುರುಷದಲ್ಲಿ ಓದುತ್ತೇವೆ. ‘ನೀನು ಕೊಲ್ಲಬೇಡ’ ಎಂಬುದನ್ನು ‘ಅವರು ಕೊಲ್ಲುವವರು’ ಎಂದು, ‘ನೀನು ಸುಳ್ಳಾಡಬೇಡ’ ಎಂಬುದನ್ನು ‘ಅವರು ಸುಳ್ಳರು’ ಎಂದು ಓದುತ್ತೇವೆ. ಕನ್ನಡಿಯಾಗಬೇಕಾದ ಗ್ರಂಥ ಆಪಾದನಾ ಪತ್ರವಾಗುತ್ತದೆ. ಕಲ್ಯಾಣದ ಇತಿಹಾಸವನ್ನು ಬಲ್ಲ ನಮಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಹರಳಯ್ಯ ಮಧುವರಸರನ್ನು ಎಳೆಹೂಟೆಗೆ ಕಟ್ಟಿಸಿದವರು ದೂರದೇಶದ ಅನ್ಯಮತೀಯರಾಗಿರಲಿಲ್ಲ. ಧರ್ಮವನ್ನು ಕಾಯುತ್ತೇವೆಂದು ಹೇಳಿಕೊಂಡ ಅದೇ ಪಟ್ಟಣದವರೇ ಆಗಿದ್ದರು. ಅವರ ಗ್ರಂಥಗಳಲ್ಲಿ ಅಹಿಂಸೆಯ ವಿಧಿ ಇರಲಿಲ್ಲವೆ? ಇತ್ತು. ಅದನ್ನು ಅವರು ತಮಗೆ ಹೇಳಿದುದೆಂದು ಓದಲಿಲ್ಲ.

ಧರ್ಮಗ್ರಂಥಗಳ ಸಾಮ್ಯದಿಂದ ನಾವು ಪಡೆಯಬೇಕಾದುದು ‘ನಮ್ಮಲ್ಲಿಯೂ ಇದೆ’ ಎಂಬ ಹೆಮ್ಮೆಯನ್ನಲ್ಲ, ‘ಮೊದಲು ನಮ್ಮಲ್ಲಿಯೇ ಇತ್ತು’ ಎಂಬ ಪೈಪೋಟಿಯನ್ನಂತೂ ಅಲ್ಲ. ದೇವರು ಇಚ್ಛಿಸಿದ್ದರೆ ಎಲ್ಲರನ್ನೂ ಒಂದೇ ಸಮುದಾಯವಾಗಿ ಮಾಡಬಹುದಿತ್ತು. ಹಾಗೆ ಮಾಡದೆ ಒಂದೊಂದು ಜನಕ್ಕೆ ಒಂದೊಂದು ಮಾರ್ಗವನ್ನಿತ್ತನು, ಆದುದರಿಂದ ಒಳಿತಿನಲ್ಲಿ ಒಬ್ಬರನ್ನೊಬ್ಬರು ಮೀರಿಸಿರಿ ಎಂಬ ಅರ್ಥದ ಮಾತು ಕುರಾನಿನ ೫ನೆಯ ಅಧ್ಯಾಯದ ೪೮ನೆಯ ವಾಕ್ಯದಲ್ಲಿದೆ. ಪೈಪೋಟಿ ಬೇಕೇಬೇಕೆನ್ನುವವರಿಗೆ ಇದೊಂದು ಪೈಪೋಟಿ ಸಾಕು.

ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿ ಇಂದು ನಾಡಿನಲ್ಲೆಲ್ಲ ಹರಡಿರುವ ಹಳೆಯ ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮಲ್ಲಿ ವರ್ತಕರಿದ್ದೀರಿ, ಅಧಿಕಾರಿಗಳಿದ್ದೀರಿ, ಉಪಾಧ್ಯಾಯರಿದ್ದೀರಿ, ಹತ್ತು ಜನಕ್ಕೆ ಕೂಲಿ ಕೊಡುವವರಿದ್ದೀರಿ. ಪಂಕ್ತಿಯಲ್ಲಿ ಕುಳಿತಾಗ ಪಕ್ಕದವನ ಕುಲವನ್ನು ಕೇಳಬಾರದೆಂಬ ನಿಯಮದಲ್ಲಿ ಬೆಳೆದವರು ನೀವು. ನಿಮ್ಮ ಕೈಗೆ ನೆರೆಯವರನ್ನು ಹಳಿಯುವ ಒಂದು ಸುದ್ದಿ ಬಂದಾಗ ಅದನ್ನು ಮುಂದಕ್ಕೆ ಕಳುಹಿಸುವ ಮುನ್ನ, ಇದು ನಿಜವೆಂದು ನಾನು ಬಲ್ಲೆನೆ ಎಂದು ನಿಮ್ಮನ್ನೇ ಕೇಳಿಕೊಳ್ಳಿರಿ. ಬಲ್ಲೆನೆಂದು ಎದೆಮುಟ್ಟಿ ಹೇಳಲಾಗದಿದ್ದರೆ ಅದು ಅಲ್ಲಿಯೇ ನಿಲ್ಲಲಿ. ತಕ್ಕಡಿಯನ್ನು ಹಿಡಿದಾಗ ಕೊಳ್ಳುವವನ ಮತ ಯಾವುದೆಂದು ಮುಳ್ಳು ಕೇಳುವುದಿಲ್ಲ; ಕೂಲಿ ಕೊಡುವಾಗ ಬೆವರಿಗೆ ಮತವಿಲ್ಲ. ಇಷ್ಟನ್ನು ನಡೆಸಿದರೆ ಸಿನಾಯಿ ಬೆಟ್ಟದ ಆಜ್ಞೆಯೂ ನಡೆಯಿತು, ಅರಬ್ಬೀ ನಾಡಿನ ವಿಧಿಯೂ ನಡೆಯಿತು, ಕಲ್ಯಾಣದ ವಚನವೂ ನಡೆಯಿತು.

ನಡೆನುಡಿಗಳು ಒಂದಾಗುವ ಬಲವನ್ನು ಪರಶಿವನು ತಮಗೆಲ್ಲರಿಗೂ, ಕೋಲಾರ ಸೀಮೆಯ ಸಮಸ್ತ ಜನರಿಗೂ ಕರುಣಿಸಲಿ.

ಶುಭಮಸ್ತು.